ಒಂಬತ್ತನೆಯ ಕಂತು

ಎಂಟಕ್ಕೇ ನಿಲ್ಲಿಸಿಬಿಟ್ಟರು.
ನೋಡುವವರಿಲ್ಲವಂತೆ. ಬೈತಖೋಲದಲ್ಲಿ
ನಾವಿಬ್ಬರಿದ್ದೆವು, ಯಾರೂ ಎಣಿಸಲಿಲ್ಲ:
ಝೆರಾಕ್ಸ್ ಅಂಗಡಿಯ ನಾನು, ಎಡಗಾಲಿಗೆ ಕ್ಯಾಲಿಪರ್,
ಪಕ್ಕದ ಚಪ್ಪರದಲ್ಲಿ ಬಲೆ ಹೆಣೆಯುವ ಬಸ್ತ್ಯಾಂವ.
ಅವನಿಗೆ ಕಣ್ಣಿಲ್ಲ. ಲೆಕ್ಕಕ್ಕೆ ಹಿಡಿದರೆ
ನೋಡುವವಳು ಒಬ್ಬಳೇ.

ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ತಣ್ಣಗಾದಾಗ
ಮೊಬೈಲನ್ನು ಸೀಗಡಿ ಬುಟ್ಟಿಗೆ ಆನಿಸಿಟ್ಟು
ನಾನು ಹೇಳುತ್ತಿದ್ದೆ, ಅವನು ಗಂಟು ಹಾಕುತ್ತಿದ್ದ.
ಈಗ ಬಾಗಿಲು ತೆರೆಯಿತು. ದುಂಡಗಿದೆ.
ಈಗ ಹಡಗು ನಡೆಸುವವಳು ಬಂದಳು, ಇಲ್ವಾ.
"ಹೆಸರಿಲ್ವಾ?"
ಹೆಸರೇ ಇಲ್ವಾ, ಮಾರಾಯಾ.
ತೊಡೆಯಿಂದ ಕೆಳಗೆ ಏನೂ ಇಲ್ಲ, ತೇಲುತ್ತಾಳೆ.
ಮಿಕ್ಕವರ ಕಾಲುಗಳು ಅಲ್ಲಿ
ಒದ್ದೆ ಬಟ್ಟೆಯ ಹಾಗೆ ಸುಮ್ಮನೆ ಹಿಂದೆ ಬರುತ್ತವೆ.
"ಮೆಟ್ಟಿಲು?"
ಇಡೀ ಹಡಗಿನಲ್ಲಿ ಒಂದೂ ಇಲ್ಲ.
"ಹಾಗಾದರೆ ಕತೆ ಬರೆದವ ಒಳ್ಳೆಯವ."

ನನ್ನ ಪಿಂಚಣಿ ಕಚೇರಿಗೆ ಹದಿನಾಲ್ಕು.
ಶೇಕಡಾ ಅರವತ್ತೆರಡು ಎಂದು ಬರೆದುಕೊಟ್ಟ ಡಾಕ್ಟರು
ಉಳಿದ ಮೂವತ್ತೆಂಟು ಎಲ್ಲಿದೆ ಎಂದು ಹೇಳಲಿಲ್ಲ.
ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಕೇಳುತ್ತಾರೆ:
ಹುಟ್ಟಿದಾಗಿಂದಲಾ? ಮದುವೆ ಆಯ್ತಾ?
ಕುಮಟೆಯಲ್ಲಿ ಒಬ್ಬರು ಎಣ್ಣೆ ಕೊಡ್ತಾರೆ, ತೋರಿಸಿದ್ರಾ?
ಇಲ್ವಾಳನ್ನು ಏಳು ಕಂತು ಯಾರೂ ಏನೂ ಕೇಳಲಿಲ್ಲ.
ಕೇಳಿದ್ದು, ಇಂಧನ ಎಷ್ಟಿದೆ ಎಂದು.

ಎಲ್ಲ ಸರಿಯಿತ್ತು ಎಂದಲ್ಲ. ನಾಲ್ಕನೆಯದರಲ್ಲಿ
ಗುಹೆಯೊಳಗೊಬ್ಬ ಕುರುಡ ಮುದುಕ,
ಮುಂದಾಗುವುದೆಲ್ಲ ಅವನಿಗೆ ತಿಳಿಯುತ್ತದೆ.
ಬಸ್ತ್ಯಾಂವ ಸೂಜಿ ಕೆಳಗಿಟ್ಟು ಕೆಮ್ಮು ಬರುವ ತನಕ ನಕ್ಕ.
"ನಾಳೆ ಬಂಗುಡೆ ದರ ಏನು ಅಂತ ನನಗೆ ಗೊತ್ತಿಲ್ಲ,
ಇವನಿಗೆ ನಕ್ಷತ್ರ ಯಾವತ್ತು ಸಾಯ್ತದೆ ಅಂತ ಗೊತ್ತಂತೆ!
ಕಣ್ಣಿಲ್ಲದವರಿಗೆಲ್ಲ ಈ ಕೆಲಸ ಕೊಡ್ತಾರಾ?
ಸಂಬಳ ಎಷ್ಟು, ಕೇಳು."

ಎಂಟನೆಯದು ವೈದ್ಯರ ಗ್ರಹ.
ಗಾಜಿನ ತೊಟ್ಟಿ, ನೀಲಿ ನೀರು,
ಅದರಲ್ಲಿ ಎರಡು ಕಾಲು ಬೆಳೆಯುತ್ತಿವೆ.
ಹಡಗಿನವರೆಲ್ಲ ಕಣ್ಣೊರೆಸಿಕೊಂಡರು. ಪಿಟೀಲು.
ಇಲ್ವಾಳ ಮುಖ ಮಾತ್ರ ತೋರಿಸಲಿಲ್ಲ.
ವೈದ್ಯನ ಬೆರಳು ಗುಂಡಿಯ ಮೇಲೆ,
ಕತ್ತಲೆ.

ಒಂಬತ್ತು ಏನೆಂದು ನನಗೆ ಗೊತ್ತಿತ್ತು.
ಟೆಂಟಿನಲ್ಲಿ ಅವ್ವನ ಪಕ್ಕ ಕೂತು ಎಷ್ಟೋ ಸಲ ನೋಡಿದ್ದೆ:
ಕೊನೆಯ ರೀಲು, ಗಂಟೆಯ ಸದ್ದು,
ಕುಂಟಿ ಎದ್ದಳು, ಎಡವಿದಳು, ನಡೆದಳು.
ಅವ್ವ ಕತ್ತಲಲ್ಲಿ ನನ್ನ ಕೈ ಹಿಸುಕುತ್ತಿದ್ದಳು,
ಸರದಿಯಲ್ಲಿ ಮುಂದಿನವಳು ನಾನೇ ಎಂಬಂತೆ.
ನಡೆದು ಎಲ್ಲಿಗೆ ಹೋದಳು ಎಂದು
ಯಾವ ಕತೆಯೂ ಹೇಳಲಿಲ್ಲ. ನಡೆದರೆ ಮುಗಿಯಿತು.

ಹಾಗಾಗಿ ಸುಳ್ಳು ಹೇಳಿದೆ.
ನಿನ್ನೆ ರಾತ್ರಿ ಒಬ್ಬಳೇ ನೋಡಿಬಿಟ್ಟೆ, ಕೇಳು.
ಒಂಬತ್ತು: ಇಲ್ವಾ ಕಾಲು ಬೇಡವೆಂದಳು,
ತೊಟ್ಟಿ ಇಸಕೊಂಡಳು, ಅದರಲ್ಲಿ ಹರಿವೆ ಬಿತ್ತಿದಳು.
ಹತ್ತು: ಇಂಧನ ಸೋರಿತು.
ಹನ್ನೊಂದರಲ್ಲಿ ಅಡುಗೆಯವನ ಜೊತೆ ಜಗಳ,
ಜಗಳದ ನಡುವೆ ಇನ್ನೇನೋ.
ಹನ್ನೆರಡರಲ್ಲಿ ಹೆಚ್ಚೇನೂ ಆಗಲಿಲ್ಲ.
ಕೈಗವಸು ಹರಿದಿತ್ತು, ಹೊಲಿದುಕೊಂಡಳು.

ಅವನು ಗಂಟು ಹಾಕುತ್ತಲೇ ಹೋದ.
ಮೊನ್ನೆ, ಟ್ರಾಲರುಗಳು ಮರಳುವ ಹೊತ್ತಿಗೆ, ಹೇಳಿದ:
"ಒಂಬತ್ತರಿಂದ ಪಿಟೀಲು ಕೇಳಿಸ್ತಾ ಇಲ್ಲ."
ನಾನು ಸುಮ್ಮನಿದ್ದೆ.
"ಮತ್ತೆ ಒಂಬತ್ತರಿಂದ ಇಲ್ವಾ ಥೇಟು ನಿನ್ನ ಹಾಗೇ ಬೈತಾಳೆ."

ಜೂನಿನಲ್ಲಿ ಚರ್ಮದ ಪಟ್ಟಿ ನೆನೆದು ತೊಡೆ ಸುಲಿದ ರಾತ್ರಿಗಳಲ್ಲಿ
ಆ ನೀಲಿ ನೀರು ನನಗೂ ಬೇಕೆನಿಸಿದ್ದುಂಟು.
ಅದನ್ನು ಯಾವ ಕಂತಿಗೂ ಹಾಕಲಿಲ್ಲ,
ಅವನಿಗೂ ಹೇಳಲಿಲ್ಲ.

"ಗುಹೆಯ ಮುದುಕ ಇದ್ದಾನಲ್ಲ," ಎಂದ,
"ಅವನನ್ನು ಹೊರಗೆ ಕರೆದು ತಾ. ಬಲೆ ಕೆಲಸಕ್ಕೆ ಹಾಕು."
ಆಕಾಶದಲ್ಲಿ ಬಲೆ ಯಾಕೋ?
"ಅದು ನಿನ್ನ ತಲೆನೋವು. ಬರೆಯುವವಳು ನೀನು."

ಕರೆಂಟು ಬಂತು.
ಯಾರೋ ಆಧಾರ್ ಕಾರ್ಡ್ ಹಿಡಿದು ನಿಂತಿದ್ದರು,
ಎರಡು ಪ್ರತಿ, ಎರಡೂ ಬದಿ.
ಮಂಡಿಯ ಕೀಲು ಚಟ್ಟೆಂದು ಹಾಕಿ ಎದ್ದೆ.