ಇಪ್ಪತ್ತೈದು ಮಿಲಿಮೀಟರ್‌ಗೆ ಒಂದು ಸೆಕೆಂಡು

ಇಸಿಜಿ ರೋಲು ಮುಗಿಯುವಾಗ ಕೊನೆಯ ಎರಡು ಗೇಣು
ಅಂಚಿಗೆ ಕೆಂಪು ಪಟ್ಟಿ ಬಂದಿರುತ್ತದೆ, ಮೆಷಿನ್ನಿಗೆ ಬೇಡ.
ಹರಿದು ನಾನು ಇಟ್ಟುಕೊಳ್ಳುತ್ತೇನೆ.
ಲಗ್ಗೆರೆಯ ಈ ನರ್ಸಿಂಗ್ ಹೋಮಿನಲ್ಲಿ
ನನ್ನದು ಅನ್ನಬಹುದಾದ ಸಾಮಾನು ಅಷ್ಟೇ.

ಜೆಸಿಂತಾ ಸಿಸ್ಟರ್ ಗ್ಲೌಸು ಕಳಚುತ್ತಾ ಹೇಳಿದ್ದು:
"ನೇರ ಬಿಎಸ್ಸಿ ನಿನಗಿಲ್ಲ ಕಣೇ, ನಿಂದು ಆರ್ಟ್ಸು.
ಬಯಾಲಜಿ ಇಲ್ಲದವಳನ್ನ ಆ ಬಾಗಿಲಲ್ಲಿ ಕೂತ್ಕೋ ಅನ್ನಲ್ಲ.
ಜಿಎನ್‌ಎಂ ಮಾಡು, ಮೂರು ವರ್ಷ.
ಕೌನ್ಸಿಲ್ಲಲ್ಲಿ ಹೆಸರು ಹತ್ತಲಿ.
ಆಮೇಲೆ ಪೋಸ್ಟ್ ಬೇಸಿಕ್ಕು, ಎರಡು.
ಯುನಿವರ್ಸಿಟಿಗೆ ಹಿತ್ತಲಲ್ಲೂ ಒಂದು ಮೆಟ್ಟಿಲಿದೆ.
ಕಡಿದು. ಲೈಟಿಲ್ಲ. ಆದರೆ ಇದೆ."

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ.
ಎಂಬತ್ತರ ಅಜ್ಜಿಯ ಮುಂಗೈಯಲ್ಲಿ
ನರ ಎಲ್ಲಿ ಅಡಗಿ ಕೂತಿದೆ ಅಂತ
ಮಾರ್ಕ್ಸ್‌ಕಾರ್ಡಿನಲ್ಲಿ ಬರೆದಿರುವುದಿಲ್ಲ.

ರಾತ್ರಿ ಎರಡೂಕಾಲು. ವಾರ್ಡು ಗೊರಕೆ ಹೊಡೆಯುತ್ತಿತ್ತು.
ಕಾಗದ ಹಾಸಿದೆ. ದೊಡ್ಡ ಚೌಕಕ್ಕೊಂದು ತಿಂಗಳು:
ಐದು ವರ್ಷಕ್ಕೆ ಅರವತ್ತು ಚೌಕ,
ಸ್ಕೇಲಿಟ್ಟರೆ ಸರಿಯಾಗಿ ಮೂವತ್ತು ಸೆಂಟಿಮೀಟರು.
ಮೆಷಿನ್ನಿನ ಲೆಕ್ಕದಲ್ಲಿ ಹನ್ನೆರಡು ಸೆಕೆಂಡು,
ಯಾರದೋ ಎದೆಯ ಹದಿನಾಲ್ಕು ಬಡಿತ.

ಮೂವತ್ತಾರು ಚೌಕದ ಮೇಲೆ ಗೀಟೆಳೆದು
ಕೆಳಗೆ ಬರೆದೆ: ಸಂಬಳ ಇಲ್ಲ.
ಹಗಲು ಕ್ಲಾಸು, ಪೋಸ್ಟಿಂಗು; ರಾತ್ರಿ ಡ್ಯೂಟಿ ಮಾಡಿದರೆ
ಮೂರನೇ ವಾರಕ್ಕೆ ನಾನೇ ಬೆಡ್ಡು ಹಿಡಿಯುತ್ತೇನೆ.
ಬಾಡಿಗೆ. ಚೀಟಿ. ಹಾಸ್ಟೆಲ್ ಬೇಡ, ಪಾಸು ಸಾಕು.
ಸ್ಕಾಲರ್‌ಶಿಪ್ ಅನ್ನುವ ಪದದ ಪಕ್ಕ
ಪ್ರಶ್ನೆ ಚಿಹ್ನೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು
ಇನ್ನೊಂದು ಹಾಕಿದೆ.

ಕಳೆದ ವಾರ ಒಂದು ಕಾಲೇಜಿಗೆ ಹೋಗಿದ್ದೆ,
ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಬೋರ್ಡು.
ಮಾನ್ಯತೆ ಪತ್ರ ತೋರಿಸಿ ಅಂದೆ. ಕಾಫಿ ತರಿಸಿದರು.
ಈ ವರ್ಷದ್ದು ತೋರಿಸಿ ಅಂದೆ. ಬಿಸ್ಕತ್ತು ಬಂತು.
ಬಿಸ್ಕತ್ತು ತಿಂದು ಎದ್ದು ಬಂದೆ.

ಅವ್ವ ಪೀಣ್ಯದಲ್ಲಿ ಶರ್ಟಿಗೆ ಕಾಜಾ ಹೊಡೆಯುತ್ತಾಳೆ.
ಹೇಳಿದಾಗ ಸೂಜಿ ಕಣ್ಣಿಗೆ ದಾರ ಹಾಕುತ್ತಿದ್ದಳು.
ತಲೆ ಎತ್ತಲಿಲ್ಲ. "ಮೂರಾ, ಐದಾ?"
ಐದು ಅಂದೆ.
"ನಾ ಇನ್ನೊಂದೈದು ವರ್ಷ ಹೊಲೀತೀನಿ ತಗಾ.
ನೀ ಗೀಟು ನೆಟ್ಟಗೆ ಎಳಿ."

ಎಳೆದಿದ್ದೆ ನೆಟ್ಟಗೇ. ಆದರೆ ಇದು ಶಾಖ ತಿನ್ನುವ ಕಾಗದ,
ಮರೆತು ಟೀ ಲೋಟ ಇಟ್ಟುಬಿಟ್ಟೆ.
ಎರಡನೇ ವರ್ಷದ ನಡುವೆ
ಕಪ್ಪಗೆ ಒಂದು ಬಳೆ ಮೂಡಿತು.
ಉಜ್ಜಿದರೆ ಉಗುರಿನ ಗೆರೆಯೂ ಬಿತ್ತು.
ಇರಲಿ. ಆ ತಿಂಗಳಲ್ಲಿ
ಏನೋ ಒಂದು ಆಗೇ ಆಗುತ್ತದಲ್ಲ.

ನಾಲ್ಕನೇ ಬೆಡ್ಡಿನ ತಾತ ಎದೆ ಹಿಡಿದು ಎದ್ದ.
ಜೆಲ್ಲು, ಬಲ್ಬು, ಕ್ಲಿಪ್ಪು. ಹೊಸ ರೋಲು.
ಅದೇ ಗುಲಾಬಿ ಚೌಕಗಳ ಮೇಲೆ
ಅವನು ಬೆಟ್ಟ ಬೆಟ್ಟವಾಗಿ ಹೊರಬಂದ.
"ಏನು ಬಂತವ್ವಾ?"
ಕಂಡದ್ದು ನನಗೆ ಗೊತ್ತಿತ್ತು, ಹೆಸರೂ ಗೊತ್ತಿತ್ತು.
"ನಾನು ಹೇಳೋ ಹಾಗಿಲ್ಲ ತಾತ," ಅಂದೆ,
ಓಡಿದೆ, ಡಾಕ್ಟರನ್ನು ಎಬ್ಬಿಸಲು.

ಬೆಳಿಗ್ಗೆ ಆರರ ಬಸ್ಸು. ತಾತ ಐಸಿಯುನಲ್ಲಿದ್ದಾನೆ, ಇದ್ದಾನೆ.
ಕಾಗದ ತೆಗೆದು ನೋಡಿದೆ.
ಎಸ್ಸೆಸ್ಸೆಲ್ಸಿಯಲ್ಲಿ ನಾನು ಹೊಂಬಾಳಮ್ಮ,
ಆಧಾರಿನಲ್ಲಿ ಬರೀ ಹೊಂಬಾಳೆ.
ಈ ಇಬ್ಬರೂ ನಾನೇ ಎಂದು
ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಂತೆ.
ಮೊದಲ ಚೌಕದೊಳಗೆ ಬಸ್ಸಿನ ಕುಲುಕಾಟದಲ್ಲಿ
ಸೊಟ್ಟಗೆ, ಇರುವೆ ಅಕ್ಷರದಲ್ಲಿ ಬರೆದೆ:
ನೋಟರಿ, ಹತ್ತು ಗಂಟೆ, ಎರಡು ಫೋಟೋ.