ಎಂಟು ಐವತ್ತು

ಡಾರ್ವಿನ್ನಿನಿಂದ ಕುನುನರ್ರಾಕ್ಕೆ
ನೇರ ಗೆರೆ ಎಳೆದರೆ ನಾನೂರ ನಲವತ್ತು ಕಿಲೋಮೀಟರು,
ವಿಮಾನಕ್ಕೆ ಒಂದು ಗಂಟೆ.
ಕಾರಿಗಾದರೆ ಒಂಬತ್ತು,
ಅದೂ ದಾರಿಗೆ ಕಾಂಗರೂ ಅಡ್ಡ ಬರದಿದ್ದರೆ.

ಟಿಕೆಟ್ಟು ಮಾತ್ರ ಬೇರೆಯೇ ಹೇಳುತ್ತದೆ:
ಹೊರಡುವುದು ಎಂಟು ಹತ್ತಕ್ಕೆ,
ತಲುಪುವುದು ಏಳು ನಲವತ್ತಕ್ಕೆ.

ನಡುವೆ ಎಲ್ಲೋ ರಾಜ್ಯದ ಗಡಿ.
ಮೇಲಿನಿಂದ ಕಾಣದು. ಬೇಲಿಯಿಲ್ಲ, ಕಲ್ಲಿಲ್ಲ,
ಸುಟ್ಟ ಹುಲ್ಲಿನ ಕಪ್ಪು ಎರಡೂ ಕಡೆ ಒಂದೇ ಕಪ್ಪು.
ದಾಟಿದ್ದೇ ತಡ, ಒಂದೂವರೆ ಗಂಟೆ
ಜೇಬಿಗೆ ಬಂದು ಬೀಳುತ್ತದೆ.
ಹೋಗುವಾಗ ಅದೇ ಜೇಬಿನಿಂದ ಕಿತ್ತುಕೊಂಡದ್ದು, ಗೊತ್ತು;
ಆದರೂ ಬಿಟ್ಟಿ ಸಿಕ್ಕಿದ ಖುಷಿ.
ಅಷ್ಟರಲ್ಲಿ ಏನು ಮಾಡುತ್ತಿದ್ದೆ ಅಂದರೆ,
ಏನೂ ಇಲ್ಲ. ಇನ್ನೊಂದು ಲೋಟ ಚಹಾ.

ಹನ್ನೊಂದು ವಾರ ಹೀಗೆ,
ಶನಿವಾರ ಆ ಕಡೆ, ಸೋಮವಾರ ಈ ಕಡೆ,
ಕ್ಲೈವ್ ಹಾರ್ಗ್ರೀವ್ಸ್‌ನನ್ನು ನೋಡಲು.
ನಂಟನಲ್ಲ, ನನ್ನ ಓರಗೆಯವನೂ ಅಲ್ಲ.
ಗಂಧದ ತೋಟದ ಮೇಸ್ತ್ರಿ.
ನಾನು ಮೈಸೂರಿನವನು, ಈ ಮರ ಬಲ್ಲೆ ಎಂದ ಮೊದಲ ದಿನವೇ
ಸಲಿಕೆ ತಂದು, ಬೇರು ಬಿಡಿಸಿ ತೋರಿಸಿದ:
'ನೋಡಪ್ಪ, ನಿಮ್ಮ ರಾಜಮರ
ಪಕ್ಕದವನ ಬೇರಿಗೆ ಬಾಯಿ ಹಾಕಿ ಬದುಕುವ ಗಿರಾಕಿ.
ಒಂಟಿ ನೆಟ್ಟರೆ ಸಾಯುತ್ತದೆ.'

ಪ್ರತಿ ವಾರ ಒಂದು ಚಕ್ಕೆ ಒಯ್ಯುತ್ತಿದ್ದೆ.
ಮೂಸಿ, ಯಾವ ಸಾಲಿನದೆಂದು ಹೇಳುತ್ತಿದ್ದ.
ಏಳನೆಯ ವಾರ ತಪ್ಪು ಹೇಳಿದ, ನಾನು ಸರಿ ಎಂದೆ.
ಒಂಬತ್ತನೆಯ ವಾರ
ಮೂಗಿನ ಕೊಳವೆ ತೋರಿಸಿ ಸುಮ್ಮನಾದ.
ನಿನ್ನೆ ಚಕ್ಕೆಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದ,
ನರ್ಸು ಬಿಡಿಸಲು ಹೋಗಿ ಬಿಟ್ಟಳು.

ಇವತ್ತು ಇಳಿದಾಗ ಫೋನು ಎಚ್ಚರಗೊಂಡಿತು.
ವಾರ್ಡಿನ ಸಂದೇಶ:
ಎಂಟು ಐವತ್ತಕ್ಕೆ, ನಿದ್ದೆಯಲ್ಲೇ.
ಆಗ ನಾನು ಆಕಾಶದಲ್ಲಿ
ಬಿಸ್ಕತ್ತಿನ ಪೊಟ್ಟಣ ಹರಿಯಲಾಗದೆ ಹಲ್ಲಿಟ್ಟು ಎಳೆಯುತ್ತಿದ್ದೆ.

ತಲೆಯೆತ್ತಿದೆ.
ನಿಲ್ದಾಣದ ಗೋಡೆಯಲ್ಲಿ ಏಳು ಐವತ್ತೆರಡು.

ತೋಟಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ.
ಸಸಿಮಡಿಗೆ ನೀರು ಬಿಟ್ಟೆ,
ಒಡೆದ ಎರಡು ಕುಂಡ ಬದಲಿಸಿದೆ.
'ಹೇಗಿದ್ದಾನೆ ಮುದುಕ?' ಬ್ರಾನ್ವೆನ್ ಕೇಳಿದಳು.
ಎಂಟು ಇಪ್ಪತ್ತಾಗಿತ್ತು.
'ಚಕ್ಕೆ ಹಿಡಿದು ಮಲಗಿದ್ದಾನೆ' ಅಂದೆ.
ಇಲ್ಲಿಯ ಗಡಿಯಾರದಲ್ಲಿ ಅದು ಸುಳ್ಳಲ್ಲ.

ಹದ್ದೊಂದು ಕಾಲುವೆಯ ಮೇಲೆ
ಸುತ್ತು ಹಾಕುತ್ತಲೇ ಇತ್ತು, ಇಳಿಯದೆ.
ನೋಡುತ್ತ ನಿಂತೆ. ನಾಲ್ಕೈದು ನಿಮಿಷ ಉಳಿದಿರುವಾಗ
ಪಂಪು ನಿಲ್ಲಿಸಿದೆ.
ನಿಂತ ಮೇಲೂ ನೀರು ಸ್ವಲ್ಪ ದೂರ ಹರಿಯಿತು.

ಆಮೇಲೆ ಎಲ್ಲರನ್ನೂ ಕರೆದು ಹೇಳಿದೆ.
'ಯಾವಾಗ?' ಎಂದಳು ಬ್ರಾನ್ವೆನ್
ಒಂದು ಕೈಯ ಗವಸು ಕಳಚಿ, ಇನ್ನೊಂದನ್ನು ಮರೆತು.
'ಈಗ' ಎಂದೆ.
ಅವಳ ವಾಚು ಎರಡು ನಿಮಿಷ ಮುಂದಿತ್ತು.