ಮಂಡಕಳ್ಳಿಯಲ್ಲಿ ಐದು ಗಂಟೆ

ಮುಂದಿನ ವಿಮಾನ ತಡ ಅಂದರು. ಐದು ಗಂಟೆ.
ಇಡೀ ನಿಲ್ದಾಣ ಸುತ್ತಿದೆ,
ಏಳು ನಿಮಿಷಕ್ಕೆ ಮುಗಿಯಿತು.

ಹೊರಗೆ ಸಿದ್ದಪ್ಪಾಜಿಯ ಆಟೋ.
"ಅರಮನೆನಾ ಮೇಡಂ, ಬೆಟ್ಟನಾ?"
ನಿಮಗೆಲ್ಲಿ ಕೆಲಸವಿದೆಯೋ ಅಲ್ಲಿಗೆ, ಅಂದೆ.
ಕನ್ನಡಿಯಲ್ಲಿ ಒಮ್ಮೆ ನನ್ನ ಅಳೆದು
ಗಾಡಿ ತಿರುಗಿಸಿದ ಅಗ್ರಹಾರದ ಕಡೆ.
ಮಗಳ ಕನ್ನಡಕ ಸಿದ್ಧವಾಗಿತ್ತು.
ದಾರಿಯಲ್ಲಿ, ಶಾಲೆಯ ಗೇಟಿನಲ್ಲಿ, ಅವಳೂ ಹತ್ತಿದಳು,
ಪಾಟೀಚೀಲ ನನ್ನ ತೊಡೆಗೆ ಒರಗಿಸಿ.

ಅಂಗಡಿಯವನು ಸುಮ್ಮನಿರದೆ
ನನ್ನನ್ನೂ ಕೂರಿಸಿ ಓದಿಸಿದ: ಅ, ಠ, ಳ...
ಕೊನೆಯ ಸಾಲಲ್ಲಿ ಸೋತೆ.
ಹುಡುಗಿ ಕಿಸಕ್ಕೆಂದಳು.

ವಾಪಸು ಬರುವಾಗ ಅವಳ ಬಾಯಿಗೆ ಬಿಡುವಿಲ್ಲ:
"ಅಪ್ಪಾ, ಮರದಲ್ಲಿ ಎಲೆ ಒಂದೊಂದೂ ಬೇರೆ ಬೇರೆ!
ಬಸ್ಸಿನ ನಂಬರು! ಆ ಅಜ್ಜಿ ಮೂಗುತಿ!
ಬೆಟ್ಟದ ತುದೀಲಿ ಗೋಪುರ ಐತಲ್ಲಪ್ಪಾ!"

ಬೆಟ್ಟದ ಬುಡದಲ್ಲೇ ಹುಟ್ಟಿ
ಹನ್ನೊಂದು ವರ್ಷ.
ಸಿಗ್ನಲ್ ಹಸಿರಾಯಿತು. ಗಾಡಿ ಕದಲಲಿಲ್ಲ.
ಹಿಂದಿನವರ ಹಾರನ್ನು ಅವನಿಗೆ ಕೇಳಿಸಿದಂತಿಲ್ಲ.
ಬಾಡಿಗೆ ಮಾತ್ರ ಮೀಟರಿನಷ್ಟೇ ತಗೊಂಡ,
ಹತ್ತು ರೂಪಾಯಿ ಚಿಲ್ಲರೆಗೆ ಪರದಾಡಿದೆವು.

ಅರಮನೆ ನೋಡಲಿಲ್ಲ ನಾನು.
ಸಂಜೆ ವಿಮಾನ ಏರಿದಾಗ
ಕಿಟಕಿಗೆ ಹಣೆ ಹಚ್ಚಿ, ಕಣ್ಣು ಕಿರಿದು ಮಾಡಿ
ಹುಡುಕಿದೆ ಆ ಗೋಪುರ.
ಠ ಇರಬಹುದು.
ಇಲ್ಲಾ, ರ.